ಅರ್ಜಿಗೊಂದು ಸ್ವೀಕೃತಿ ಕೊಡುವ ನಗರ

ಜರ್ಮನಿಯ ನಿಮ್ಮ ನಗರದ ವಲಸಿಗರ ಸಲಹಾ ಮಂಡಳಿಗೆ ಆಯ್ಕೆಯಾಗಿರುವ ನೀವು, ಹೊಸಬರಿಗೆ ಊರು ಇನ್ನಷ್ಟು ಹತ್ತಿರವಾಗಬೇಕಾದರೆ ಆಹಾರ ಮೇಳ, ಹಲವು ಭಾಷೆಗಳ ಸ್ವಾಗತ ಫಲಕ, ಮೊಬೈಲ್ ಆ್ಯಪ್ ಈ ಮೂರರಲ್ಲಿ ಯಾವುದಕ್ಕೆ ಹಣ ಕೇಳಬೇಕು ಎಂದು ಕೇಳಿದ್ದೀರಿ. ನಾನೂ ಇದೇ ದೇಶದ ಇನ್ನೊಂದು ಊರಿನಲ್ಲಿ ಅಂಥದೇ ಮೇಳವೊಂದರಲ್ಲಿ ನಿಂತು ಚಿತ್ರಾನ್ನ ಬಡಿಸಿದವನು. ಅದು 2017ರ ಬೇಸಿಗೆ. ನಗರಸಭೆಯ ಅಂಗಳದಲ್ಲಿ ಹದಿನೆಂಟು ದೇಶಗಳ ಮೇಜುಗಳಿದ್ದವು, ಮೇಯರ್ ಪ್ರತಿಯೊಂದು ಮೇಜಿಗೂ ಬಂದು ಮಾತನಾಡಿಸಿದರು, ನನ್ನ ಹೆಂಡತಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಮಾಡಿದ ಅಡುಗೆ ಮಧ್ಯಾಹ್ನದೊಳಗೆ ಖಾಲಿಯಾಯಿತು. ನಮಗೆ ನಿಜವಾಗಿಯೂ ಸಂತೋಷವಾಗಿತ್ತು. ಅದರ ಮರುವರ್ಷ, ಅದೇ ಅಂಗಳಕ್ಕೆ ಅಂಟಿಕೊಂಡಿರುವ ಕಟ್ಟಡದಲ್ಲಿ ನನ್ನ ಕೈಗೆ ಬಂದ ಒಂದು ಮಡಚಿದ ಹಾಳೆಯ ಕಾರಣದಿಂದ ನನ್ನ ತಂದೆಯ ಅಂತ್ಯಸಂಸ್ಕಾರಕ್ಕೆ ನಾನು ಹೋಗಲಾಗಲಿಲ್ಲ. ಹಾಗಾಗಿ ನಿಮ್ಮ ಮೂರು ಆಯ್ಕೆಗಳಲ್ಲಿ ಯಾವುದಕ್ಕೂ ಹಣ ಕೇಳಬೇಡಿ ಎಂಬುದೇ ನನ್ನ ಉತ್ತರ.

ನಾನು ಸಾಗರ ತಾಲೂಕಿನವನು. ಯಂತ್ರಗಳ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸಕ್ಕೆಂದು 2014ರಲ್ಲಿ ಇಲ್ಲಿಗೆ ಬಂದೆ. ನನ್ನ ಸಂಬಳ ಬ್ಲೂ ಕಾರ್ಡಿಗೆ, ಅಂದರೆ ಹೆಚ್ಚು ಸಂಬಳದ ನುರಿತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿಗೆ, ಬೇಕಾದ ಮಿತಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಾಮಾನ್ಯ ವಾಸದ ಪರವಾನಗಿಯ ಮೇಲೆಯೇ ಇದ್ದೆ. ಕಾಯಂ ವಾಸಕ್ಕೆ ಅರ್ಹನಾಗಲು ಇನ್ನೂ ಒಂದು ವರ್ಷ ಬಾಕಿ ಇತ್ತು. ನನ್ನ ಪರವಾನಗಿ ಕಾರ್ಡಿನ ಅವಧಿ 2018ರ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ಇದು ನನಗೆ ಗೊತ್ತಿತ್ತು. ಸೋಮಾರಿತನದಿಂದ ಅವಧಿ ಮೀರಿಸಿದೆ ಎಂದು ದಯವಿಟ್ಟು ಭಾವಿಸಬೇಡಿ, ಏಕೆಂದರೆ ನಾನು ಜನವರಿಯ ಎರಡನೆಯ ವಾರದಲ್ಲಿಯೇ ವಿದೇಶಿಯರ ಕಚೇರಿಯ ಜಾಲತಾಣಕ್ಕೆ ಹೋಗಿ ನನ್ನ ಹೆಸರು, ಕಾರ್ಡಿನ ಸಂಖ್ಯೆ, ನವೀಕರಣ ಎಂಬ ಕಾರಣ, ಎಲ್ಲವನ್ನೂ ತುಂಬಿ ಭೇಟಿಯ ದಿನಾಂಕ ಕೇಳಿದ್ದೆ. ಎರಡು ನಿಮಿಷದಲ್ಲಿ ಒಂದು ಮಿಂಚಂಚೆ ಬಂತು. ನಿಮ್ಮ ಕೋರಿಕೆ ನಮಗೆ ತಲುಪಿದೆ, ದಿನಾಂಕವನ್ನು ತಿಳಿಸುತ್ತೇವೆ, ಮತ್ತೆ ಮತ್ತೆ ವಿಚಾರಿಸಬೇಡಿ ಎಂದು ಅದರಲ್ಲಿತ್ತು. ಫೆಬ್ರವರಿಯ ಕೊನೆಗೆ ದಿನಾಂಕವೂ ಬಂತು: ಏಪ್ರಿಲ್ 17. ಕಚೇರಿಯೇ ಕೊಟ್ಟ ದಿನಾಂಕವಲ್ಲವೇ, ಅವಧಿ ಮೀರಿದರೆ ಅದರ ಹೊಣೆ ನನ್ನದಾಗುವುದು ಹೇಗೆ ಎಂದುಕೊಂಡು ಆ ಮಿಂಚಂಚೆಯನ್ನು ಮುದ್ರಿಸಿ ಕಡತದಲ್ಲಿ ಇಟ್ಟೆ.

ನನ್ನ ತಪ್ಪು ಇದೇ. ಇದನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಈಗಲೂ ಪ್ರತಿ ವರ್ಷ ಯಾರಾದರೊಬ್ಬರು ಇದೇ ತಪ್ಪು ಮಾಡಿ ನನಗೆ ಕರೆ ಮಾಡುತ್ತಾರೆ. ಭೇಟಿಯ ದಿನಾಂಕ ಕೇಳುವುದು ಬೇರೆ, ಅರ್ಜಿ ಸಲ್ಲಿಸುವುದು ಬೇರೆ. ಜರ್ಮನಿಯ ವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿನ ಪ್ರಕಾರ, ಹಳೆಯ ಪರವಾನಗಿ ಮುಗಿಯುವ ಮುನ್ನವೇ ನವೀಕರಣದ ಅರ್ಜಿ ಕಚೇರಿಗೆ ತಲುಪಿದ್ದರೆ, ತೀರ್ಮಾನವಾಗುವವರೆಗೆ ಹಳೆಯ ಪರವಾನಗಿ ಎಲ್ಲ ಹಕ್ಕುಗಳೊಂದಿಗೆ ಮುಂದುವರಿಯುತ್ತದೆ. ಕೆಲಸ ಮಾಡಬಹುದು, ದೇಶ ಬಿಟ್ಟು ಹೋಗಿ ವಾಪಸು ಬರಬಹುದು. ಆ ಅರ್ಜಿಗೆ ಇಂಥದೇ ನಮೂನೆ ಬೇಕೆಂದೂ ಇಲ್ಲ. ‘ನನ್ನ ಪರವಾನಗಿಯನ್ನು ನವೀಕರಿಸಿಕೊಡಬೇಕಾಗಿ ಅರ್ಜಿ ಸಲ್ಲಿಸುತ್ತಿದ್ದೇನೆ’ ಎಂಬ ಒಂದು ಸಾಲು ಬರೆದು, ಹೆಸರು ಮತ್ತು ದಿನಾಂಕ ಹಾಕಿ, ಮಾರ್ಚ್ 31ರೊಳಗೆ ತಲುಪಿಸಿದ್ದರೆ ಸಾಕಿತ್ತು. ಆ ಒಂದು ಸಾಲನ್ನು ನಾನು ಬರೆಯಲಿಲ್ಲ. ಜನವರಿಯಲ್ಲಿ ತುಂಬಿದ್ದು ಭೇಟಿಯ ಕೋರಿಕೆಯನ್ನು ಮಾತ್ರ, ಅದನ್ನು ಆ ಕಚೇರಿ ಅರ್ಜಿಯೆಂದು ಪರಿಗಣಿಸಲಿಲ್ಲ. ಏಪ್ರಿಲ್ 17ರಂದು ಮೇಜಿನ ಮೇಲೆ ಕಾಗದಗಳನ್ನು ಇಟ್ಟಾಗ, ನನ್ನ ಲೆಕ್ಕದಲ್ಲಿ ಮೂರು ತಿಂಗಳು ಮೊದಲೇ ಬಂದವನಾಗಿದ್ದ ನಾನು ಅವರ ಲೆಕ್ಕದಲ್ಲಿ ಹದಿನೇಳು ದಿನ ತಡವಾಗಿ ಬಂದಿದ್ದೆ.

ಅಲ್ಲಿ ಕುಳಿತಿದ್ದ ಮಹಿಳೆ ಒರಟಾಗಿ ಮಾತನಾಡಲಿಲ್ಲ. ಅವರ ಪಕ್ಕದಲ್ಲಿ ಎದೆಯೆತ್ತರದ ಕಡತಗಳ ರಾಶಿಯಿತ್ತು. ಆ ಕೋಣೆಯ ಇನ್ನೊಂದು ಮೇಜಿನ ಸಿಬ್ಬಂದಿ ಎರಡು ತಿಂಗಳಿಂದ ರಜೆಯಲ್ಲಿದ್ದರಂತೆ. ಅವರು ಪರದೆಯನ್ನು ನೋಡಿ, ನನ್ನ ಕಾರ್ಡನ್ನು ನೋಡಿ, ಒಂದು ಮಡಚಿದ ಹಾಳೆಯನ್ನು ಬಿಚ್ಚಿದರು. ಅದನ್ನು ಇಲ್ಲಿ ಫಿಕ್ಷನ್ಸ್‌ಬೆಶೈನಿಗುಂಗ್ ಎನ್ನುತ್ತಾರೆ, ಅಂದರೆ ಹೊಸ ಕಾರ್ಡ್ ಬರುವವರೆಗಿನ ತಾತ್ಕಾಲಿಕ ಪ್ರಮಾಣಪತ್ರ. ಅದರ ಒಳಗೆ ಬೇರೆ ಬೇರೆ ಉಪಕಲಮುಗಳ ಮುಂದೆ ಒಂದೊಂದು ಚಿಕ್ಕ ಚೌಕವಿರುತ್ತದೆ. ಅವರು ಒಂದು ಚೌಕದಲ್ಲಿ ನೀಲಿ ಪೆನ್ನಿನಿಂದ ಗುಣಾಕಾರದ ಗುರುತು ಹಾಕಿ, ಮೊಹರು ಒತ್ತಿ, ಕಾಗದವನ್ನು ನನ್ನ ಕಡೆಗೆ ಸರಿಸಿದರು. ಆ ಗುರುತು ಎರಡು ಬೆರಳಗಲ ಕೆಳಗಿದ್ದ 4ನೇ ಉಪಕಲಮಿನ ಚೌಕದಲ್ಲಿ ಬಿದ್ದಿದ್ದರೆ ನಾನು ವಿಮಾನ ಹತ್ತಬಹುದಿತ್ತು. ನನಗೆ ಆಗ ಆ ಚೌಕಗಳ ವ್ಯತ್ಯಾಸ ತಿಳಿದಿರಲಿಲ್ಲ. ಅದನ್ನು ನನಗೆ ತಿಳಿಸಿದವರು ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯವರು. ಕೆಲಸದ ಅನುಮತಿ ಸದ್ಯಕ್ಕೆ ಇಲ್ಲವಾದ್ದರಿಂದ ನಾಳೆಯಿಂದ ಬರಬೇಡಿ, ಸಂಬಳವಿರುವುದಿಲ್ಲ ಎಂದರು.

ಮೇ 9ರ ರಾತ್ರಿ ತಮ್ಮ ಫೋನ್ ಮಾಡಿದ. ಅಪ್ಪನಿಗೆ ಎದೆನೋವು ಬಂದು ಶಿವಮೊಗ್ಗಕ್ಕೆ ಕರೆದೊಯ್ದಿದ್ದರು. ಹೋಗಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಹೋದರೆ ವಾಪಸು ಬರಲು ಬೆಂಗಳೂರಿನ ಜರ್ಮನ್ ದೂತಾವಾಸದಲ್ಲಿ ಹೊಸದಾಗಿ ವೀಸಾ ಅರ್ಜಿ ಹಾಕಿ ಕಾಯಬೇಕಿತ್ತು, ಎಷ್ಟು ವಾರಗಳೆಂದು ಯಾರೂ ಹೇಳುವಂತಿರಲಿಲ್ಲ. ಮಗಳಿಗೆ ಆಗ ಏಳು ವರ್ಷ. ಹೆಂಡತಿಯ ಮತ್ತು ಮಗಳ ಪರವಾನಗಿಗಳು ನನ್ನ ಪರವಾನಗಿಗೆ ಕಟ್ಟಿಕೊಂಡಿದ್ದವು. ಎರಡು ರಾತ್ರಿ ಯೋಚಿಸಿದೆವು. ಮೂರನೆಯ ದಿನ ಬೆಳಿಗ್ಗೆ ಅಪ್ಪ ತೀರಿಕೊಂಡರು. ಹಿರಿಯ ಮಗನಾದ ನಾನು ಇಲ್ಲಿನ ಅಡುಗೆಮನೆಯಲ್ಲಿ ಕುಳಿತು, ತಮ್ಮ ಬೆಂಕಿಯಿಡುವುದನ್ನು ಫೋನಿನ ಪರದೆಯಲ್ಲಿ ನೋಡಿದೆ. ನಮ್ಮೂರಿನಲ್ಲಿ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಚಿತ್ರ ನಿಂತು ನಿಂತು ಬರುತ್ತಿತ್ತು.

ಇದಾದ ಮೇಲೆಯೇ ನನಗೆ ವಲಸಿಗರ ಸಲಹಾ ಕೇಂದ್ರವೊಂದರ ದಾರಿ ತೋರಿಸಿದವರು ನಮ್ಮ ಕೆಳಗಿನ ಮನೆಯ ತುರ್ಕಿ ಮೂಲದ ಅಜ್ಜ. ಇಂಥ ಕೇಂದ್ರಗಳನ್ನು ಕೇಂದ್ರ ಸರ್ಕಾರದ ಹಣದಲ್ಲಿ ಕಾರಿತಾಸ್, ಡಿಯಾಕೊನಿ ಮುಂತಾದ ಸೇವಾಸಂಸ್ಥೆಗಳು ದೇಶದ ಎಲ್ಲೆಡೆ ನಡೆಸುತ್ತವೆ, ಒಂದು ಪೈಸೆಯನ್ನೂ ಕೇಳುವುದಿಲ್ಲ. ನಾಲ್ಕು ವರ್ಷ ಈ ಊರಿನಲ್ಲಿದ್ದರೂ ಅಂಥದೊಂದು ಇದೆಯೆಂದು ನನಗೆ ತಿಳಿದಿರಲಿಲ್ಲ. ಅಲ್ಲಿದ್ದವರು ನನ್ನ ಹಾಳೆಯನ್ನು ನೋಡಿ ಹೇಳಿದ ಮಾತು ಇಂದಿಗೂ ನನ್ನ ಎದೆಯಲ್ಲಿ ಕುಳಿತಿದೆ. ತಡವಾಗಿ ಬಂದ ಅರ್ಜಿಗೂ, ಅರ್ಜಿದಾರನಿಗೆ ಅನುಚಿತವಾದ ಕಷ್ಟವಾಗುವುದಾದರೆ, ಹಳೆಯ ಪರವಾನಗಿ ಮುಂದುವರಿಯುತ್ತದೆಂದು ಆದೇಶಿಸುವ ಅಧಿಕಾರ ಅದೇ 4ನೇ ಉಪಕಲಮಿನಲ್ಲಿಯೇ ಕಚೇರಿಗೆ ಇದೆ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ ಎಂದರು. ಅವರು ಬರೆದುಕೊಟ್ಟ ಅರ್ಧ ಪುಟದ ಪತ್ರದಿಂದ ಎಂಟು ದಿನಗಳಲ್ಲಿ ಹೊಸ ಹಾಳೆ ಬಂತು, ಗುರುತು ಸರಿಯಾದ ಚೌಕದಲ್ಲಿತ್ತು. ಅಷ್ಟರಲ್ಲಿ ಊರಿನಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಜುಲೈನಲ್ಲಿ ಊರಿಗೆ ಹೋದಾಗ ಅಪ್ಪನ ಬೀರು ತೆರೆದೆ. ಅವರು ನಿವೃತ್ತ ಗ್ರಾಮ ಲೆಕ್ಕಿಗರು. ನಿವೃತ್ತಿಯ ನಂತರ ಊರಿನವರ ಅರ್ಜಿಗಳನ್ನೆಲ್ಲ ತಾವೇ ಬರೆದುಕೊಟ್ಟು, ಸ್ವೀಕೃತಿಗಳ ಒಂದೊಂದು ಪ್ರತಿಯನ್ನು ದಾರದಲ್ಲಿ ಪೋಣಿಸಿ ಇಡುತ್ತಿದ್ದರು. ನಮ್ಮ ರಾಜ್ಯದ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ, ಜಾರಿಗೆ ಬಂದದ್ದು ಮರುವರ್ಷ. ಆ ವ್ಯವಸ್ಥೆಯಲ್ಲಿ ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಸಿಗುತ್ತದೆ, ಕೆಲಸ ಯಾವ ದಿನದೊಳಗೆ ಆಗಬೇಕೆಂಬುದು ಅದರಲ್ಲೇ ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ನಮ್ಮ ಕಚೇರಿಗಳಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಅಪ್ಪನೂ ಹಾಗೆ ಹೇಳುತ್ತಿರಲಿಲ್ಲ. ಆದರೆ ಸಂಖ್ಯೆಯಿಲ್ಲದ ಸ್ವೀಕೃತಿಯನ್ನು ಸ್ವೀಕೃತಿ ಎನ್ನಬೇಡ ಎಂದು ಅವರು ನನಗೆ ಹತ್ತು ಸಲವಾದರೂ ಹೇಳಿದ್ದರು. ಅವರ ಮಗನಾದ ನಾನು ಯಂತ್ರ ಕಳಿಸಿದ ಒಂದು ಮಿಂಚಂಚೆಯನ್ನು ಸ್ವೀಕೃತಿಯೆಂದು ತಿಳಿದುಕೊಂಡೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆದರದ ಸ್ವಾಗತವೆಂದರೆ ಹೊಸಬರು ಬಂದ ಮೊದಲ ವಾರದ ಮಾತು ಎಂದು ನೀವು ಭಾವಿಸಿದಂತಿದೆ. ನನಗೆ ಮೊದಲ ವಾರದಲ್ಲಿ ಯಾವ ಕೊರತೆಯೂ ಆಗಲಿಲ್ಲ. ಸಂಸ್ಥೆಯವರು ಮನೆ ತೋರಿಸಿದರು, ಎರಡು ವಾರದೊಳಗೆ ವಿಳಾಸ ನೋಂದಾಯಿಸಲು ಜೊತೆಗೆ ಬಂದರು. ಊರು ನನ್ನ ಕೈಬಿಟ್ಟದ್ದು ನಾಲ್ಕನೆಯ ವರ್ಷದಲ್ಲಿ, ನಾನು ಹೊಸಬ ಎಂದು ಯಾರೂ ಎಣಿಸದಿದ್ದಾಗ. 2024ರ ಅಕ್ಟೋಬರಿನಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ವೀಸಾ ಕೊಡುವುದು ಕೇಂದ್ರ ಸರ್ಕಾರ, ಆದರೆ ಹಾಗೆ ಬಂದವರ ನವೀಕರಣದ ಕಡತ ಬಂದು ಬೀಳುವುದು ನಗರದ ಅಥವಾ ಜಿಲ್ಲೆಯ ಮೇಜಿನ ಮೇಲೆ. ಕಾನೂನನ್ನು ನಿಮ್ಮ ನಗರ ಬದಲಿಸಲಾರದು. ಮೇಜಿನ ಹಿಂದೆ ಎಷ್ಟು ಜನ ಕೂರಬೇಕು, ಪತ್ರದಲ್ಲಿ ಏನು ಬರೆಯಬೇಕು ಎಂಬುದನ್ನು ಖಂಡಿತ ಬದಲಿಸಬಹುದು.

ಹಾಗಾಗಿ ನಿಮ್ಮ ಮಂಡಳಿ ಕೇಳಬೇಕಾದ ಮೊದಲ ಸಂಗತಿ, ಕಾರ್ಡಿನ ಅವಧಿ ಮುಗಿಯುವ ನಾಲ್ಕು ತಿಂಗಳ ಮೊದಲು ಮನೆಗೆ ಬರುವ ಒಂದು ಪತ್ರ. ವಿಳಾಸ ಗೊತ್ತಿಲ್ಲ ಎಂದು ನಗರ ಹೇಳಲಾಗದು, ಏಕೆಂದರೆ ನೋಂದಣಿ ಕಡ್ಡಾಯ. ಯಾವ ದಿನ ಯಾವ ಕಸದ ಡಬ್ಬಿಯನ್ನು ಹೊರಗಿಡಬೇಕೆಂಬ ಪಂಚಾಂಗವನ್ನು ನಮ್ಮ ಊರು ಪ್ರತಿ ವರ್ಷ ತಪ್ಪದೆ ಮನೆಗೆ ಕಳಿಸುತ್ತದೆ. ಆ ಶ್ರದ್ಧೆ ಈ ವಿಷಯಕ್ಕೂ ಬೇಕು. ಮುಂದೆ ಜರ್ಮನಿಯ ಚಾನ್ಸಲರ್ ಆದ ಓಲಾಫ್ ಶೋಲ್ಜ್ ಹ್ಯಾಂಬರ್ಗಿನ ಮೇಯರ್ ಆಗಿದ್ದಾಗ, ಪೌರತ್ವಕ್ಕೆ ಅರ್ಹರಾಗಿದ್ದ ವಿದೇಶಿಯರಿಗೆ ತಾವೇ ಪತ್ರ ಬರೆದು ಅರ್ಜಿ ಹಾಕುವಂತೆ ಆಹ್ವಾನಿಸಿದ್ದರು. ಪೌರತ್ವಕ್ಕೆ ಕರೆಯಲು ಪತ್ರ ಬರೆಯಬಹುದಾದರೆ ಪರವಾನಗಿ ಉಳಿಸಿಕೊಳ್ಳಿ ಎಂದು ಎಚ್ಚರಿಸಲು ಯಾಕೆ ಬರೆಯಬಾರದು?

ಎರಡನೆಯದು ಆ ಮಿಂಚಂಚೆ. ‘ಇದು ಅರ್ಜಿಯಲ್ಲ, ಅವಧಿ ಮುಗಿಯುವ ಮುನ್ನ ಒಂದು ಸಾಲಿನ ಅರ್ಜಿಯನ್ನು ಈ ವಿಳಾಸಕ್ಕೆ ಕಳಿಸಿ, ತಲುಪಿದ ದಿನಾಂಕವನ್ನು ನಾವು ಬರೆದುಕೊಡುತ್ತೇವೆ’ ಎಂಬ ಮೂರು ವಾಕ್ಯಗಳು ಅದರ ತಲೆಯಲ್ಲಿ ಇರಲಿ. ಆಡಳಿತ ಭಾಷೆ ಜರ್ಮನ್ ಎಂದು ಕಾಯ್ದೆಯಲ್ಲಿದೆ, ಬೇರೆ ಭಾಷೆಯಲ್ಲಿ ಬರೆಯುವಂತಿಲ್ಲ ಎಂದು ನಿಮಗೆ ಹೇಳುತ್ತಾರೆ. ಅದನ್ನು ಒಪ್ಪಿಕೊಳ್ಳಬೇಡಿ. ಆದೇಶ ಜರ್ಮನ್ನಿನಲ್ಲಿರಲಿ, ಅದರ ಜೊತೆಗೆ ಸರಳ ಭಾಷೆಯ ವಿವರಣೆಯ ಹಾಳೆಯೊಂದನ್ನು ಇಂಗ್ಲಿಷಿನಲ್ಲೋ ತುರ್ಕಿಯಲ್ಲೋ ಅರಬ್ಬಿಯಲ್ಲೋ ಇಡಬಾರದೆಂದು ಆ ಕಾಯ್ದೆ ಹೇಳುವುದಿಲ್ಲ.

ಕಚೇರಿ ಮೂರು ತಿಂಗಳು ತೀರ್ಮಾನ ಮಾಡದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇದೆಯಲ್ಲ ಎಂದೂ ಯಾರಾದರೂ ಹೇಳಬಹುದು. ಇದೆ, ನಿಜ. ಆದರೆ ತನ್ನ ಕಾರ್ಡು ಯಾರ ಕೈಯಲ್ಲಿದೆಯೋ ಅವರ ಮೇಲೆಯೇ ದಾವೆ ಹೂಡುವ ಧೈರ್ಯ ಎರಡು ಮೂರು ವರ್ಷದ ಹಿಂದೆ ಬಂದ ಸಂಸಾರಸ್ಥನಿಗೆ ಎಲ್ಲಿಂದ ಬರಬೇಕು? ಸಕಾಲದಂತೆ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು ಕೊಟ್ಟು, ಗಡುವು ಮೀರಿದ ಅರ್ಜಿಗಳೆಷ್ಟು ಎಂಬುದನ್ನು ನಗರಸಭೆಯ ಮುಂದೆ ಪ್ರತಿ ತಿಂಗಳು ಇಡಲಿ ಎಂದು ನಾನು ಇಲ್ಲಿನ ನಮ್ಮ ಊರಿನಲ್ಲಿ ಕೇಳುತ್ತಲೇ ಇದ್ದೇನೆ. ಇನ್ನೂ ಆಗಿಲ್ಲ. ಮಿಂಚಂಚೆಯ ಆ ಮೂರು ವಾಕ್ಯಗಳು ಮಾತ್ರ ಕಳೆದ ವರ್ಷ ಸೇರಿದವು.

ಭಾಷಾ ತರಗತಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 600 ಗಂಟೆಗಳ ಭಾಷೆ ಮತ್ತು 100 ಗಂಟೆಗಳ ದೇಶಪರಿಚಯವಿರುವ ಶಿಕ್ಷಣಕ್ರಮ ಚೆನ್ನಾಗಿಯೇ ಇದೆ, ಮಕ್ಕಳನ್ನು ನೋಡಿಕೊಳ್ಳುವವರಿದ್ದರೆ ನನ್ನ ಹೆಂಡತಿ ಅದನ್ನು ಮೂರು ವರ್ಷ ಮೊದಲೇ ಮುಗಿಸುತ್ತಿದ್ದಳು.

ಸಲಹಾ ಮಂಡಳಿಗೆ ಅಧಿಕಾರವಿಲ್ಲ ಎಂದು ನೀವು ಕುಗ್ಗಬೇಡಿ. ಐರೋಪ್ಯ ಒಕ್ಕೂಟದ ಹೊರಗಿನ ನಮಗೆ ಇಲ್ಲಿ ನಗರಸಭೆಯ ಚುನಾವಣೆಯಲ್ಲಿಯೂ ಮತವಿಲ್ಲ; ವಿದೇಶಿಯರಿಗೆ ಸ್ಥಳೀಯ ಮತದಾನದ ಹಕ್ಕು ಕೊಡಲು ಎರಡು ರಾಜ್ಯಗಳು ಮಾಡಿದ ಕಾನೂನುಗಳನ್ನು 1990ರಲ್ಲಿ ಸಂವಿಧಾನ ನ್ಯಾಯಾಲಯ ರದ್ದುಮಾಡಿತು. ಮತವಿಲ್ಲದವರ ಮಾತು ಸಭೆಯ ನಡಾವಳಿಗೆ ಸೇರಲು ನಿಮ್ಮ ಮಂಡಳಿ ಒಂದು ದಾರಿ. ಅದನ್ನು ಮೇಳದ ಮೇಜುಗಳ ಲೆಕ್ಕಕ್ಕೆ ಖರ್ಚು ಮಾಡಬೇಡಿ. ಮುಂದಿನ ಸಭೆಗೆ ಹೋಗುವ ಮುನ್ನ ನಿಮ್ಮ ಕಚೇರಿಯ ಸ್ವಯಂಚಾಲಿತ ಮಿಂಚಂಚೆಯ ಪ್ರತಿಯೊಂದನ್ನು ತರಿಸಿಕೊಂಡು, ಅದನ್ನು ಮೊದಲ ಸಲ ಓದುವವರಂತೆ ಓದಿ, ಅರ್ಜಿ ಎಂಬ ಪದ ಅದರಲ್ಲಿ ಎಲ್ಲಿದೆ ಎಂದು ಹುಡುಕಿ. ನಿಮ್ಮ ಸ್ವಂತ ಕಾರ್ಡನ್ನೂ ಇವತ್ತೇ ಹೊರತೆಗೆದು ಕೊನೆಯ ದಿನಾಂಕವನ್ನು ನೋಡಿ. ನಾಲ್ಕು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಆ ಒಂದು ಸಾಲನ್ನು ಬರೆದು, ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.