ಓದುಗರ ಪ್ರಶ್ನೆ: ದೋಣಿ ಇಳಿಸಲು ಜಾಗ ಎಲ್ಲಿ?

ಸ್ವಂತಕ್ಕೆ ಸಣ್ಣ ದೋಣಿ, ಕಯಾಕ್ ಇಟ್ಟುಕೊಂಡವರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆರಿಸಿದ್ದೇವೆ.

ಪ್ರಶ್ನೆ: ಹನ್ನೆರಡು ಅಡಿಯ ಫೈಬರ್ ದೋಣಿ ಕೊಂಡಿದ್ದೇನೆ. ಪಿಕಪ್‌ನಲ್ಲಿ ಹೇರಿಕೊಂಡು ಸೀತಾ, ಸ್ವರ್ಣಾ ಎರಡೂ ಹೊಳೆಗಳ ದಂಡೆ ಸುತ್ತಿದ್ದಾಯಿತು. ಸೇತುವೆಗಳ ಬಳಿ ಇಳಿಯಲು ದಾರಿಯಿಲ್ಲ, ಉಳಿದ ಕಡೆಯೆಲ್ಲ ತೋಟ, ಬೇಲಿ, ಗೇಟು. ಜಾಗ ಹುಡುಕುವುದು ಹೇಗೆ?
ಬ್ರಹ್ಮಾವರದ ಓದುಗರು

ಉತ್ತರ: ಸೇತುವೆಗಳನ್ನು ಬಿಟ್ಟುಬಿಡಿ. ಸೇತುವೆಯ ಎರಡೂ ಕಡೆ ರಸ್ತೆಗೆಂದು ಮಣ್ಣು ಏರಿಸಿ ಕಲ್ಲು ಕಟ್ಟಿರುತ್ತಾರೆ, ಅಲ್ಲಿಂದ ದೋಣಿ ಹೊತ್ತು ಇಳಿಯುವುದು ಸೊಂಟಕ್ಕೆ ಕೇಡು. ನೀವು ಹುಡುಕಬೇಕಾದದ್ದು ಹಳೆಯ ಕಡವು. ಸೇತುವೆ ಇಲ್ಲದ ಕಾಲದಲ್ಲಿ ಜನ, ಜಾನುವಾರು, ಅಕ್ಕಿಮೂಟೆ ಎಲ್ಲವೂ ಹೊಳೆ ದಾಟಿದ್ದು ಅಲ್ಲಿಂದಲೇ. ದಂಡೆ ತಗ್ಗಾಗಿರಬೇಕು, ಕಾಲಡಿ ನೆಲ ಗಟ್ಟಿಯಿರಬೇಕು, ಇಳಿತದಲ್ಲೂ ದೋಣಿ ತೇಲುವಷ್ಟು ನೀರು ಹತ್ತಿರವಿರಬೇಕು ಎಂದು ನೋಡಿಯೇ ಅಂಬಿಗರು ಆ ಜಾಗ ಆರಿಸಿದ್ದು. ಸೇತುವೆ ಬಂದು ದೋಣಿ ನಿಂತರೂ ಕಡವಿನ ದಾರಿ ಹೆಚ್ಚಿನ ಕಡೆ ಉಳಿದಿದೆ.

ಮೊದಲು ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆಯಿರಿ. ಹೊಳೆಯ ಉದ್ದಕ್ಕೆ ಹೋಗುವ ರಸ್ತೆಗಳು ಬೇಡ. ಹೊಳೆಗೆ ಅಡ್ಡಲಾಗಿ ನೇರ ಬಂದು ನೀರಿನಂಚಿನಲ್ಲಿ ಥಟ್ಟನೆ ನಿಲ್ಲುವ ದಾರಿಗಳನ್ನು ಗುರುತು ಮಾಡಿಕೊಳ್ಳಿ. ಎದುರು ದಡದಲ್ಲೂ ಅದೇ ನೇರಕ್ಕೆ ಇನ್ನೊಂದು ದಾರಿ ಬಂದು ನಿಂತಿದ್ದರೆ ಅದು ಕಡವೆಂದು ಧೈರ್ಯವಾಗಿ ಹೇಳಬಹುದು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕಾಶೆಗಳನ್ನೂ ಅವರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ಊರಿನ ಹೆಸರುಗಳೂ ಸುಳಿವು ಕೊಡುತ್ತವೆ. ಕರಾವಳಿಯಲ್ಲಿ ಕಡವು, ದಕ್ಕೆ, ಬಂದರು ಎಂದಿದ್ದಲ್ಲಿ ನೋಡಿ. ಘಟ್ಟದ ಮೇಲೆ ಹೊಳೆಬಾಗಿಲು, ಬಯಲುಸೀಮೆಯಲ್ಲಿ ಘಟ್ಟ, ರೇವು. ಶರಾವತಿ ಹಿನ್ನೀರಿನ ಹೊಳೆಬಾಗಿಲು, ಹಂಪಿಯ ತಳವಾರಘಟ್ಟ ಎರಡೂ ಹೀಗೆ ಹೆಸರಲ್ಲೇ ದೋಣಿ ಇಟ್ಟುಕೊಂಡ ಜಾಗಗಳು.

ಆಮೇಲೆ ಜಾಗ ಯಾರದು ಎಂಬ ಪ್ರಶ್ನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ನದಿಯ ಪಾತ್ರ ಸರ್ಕಾರದ್ದು. ಆದರೆ ಪಾತ್ರಕ್ಕೆ ತಾಗಿದ ತೆಂಗಿನ ತೋಟ ಪಟ್ಟಾ ಜಮೀನು, ಅದರೊಳಗೆ ಹಾದುಹೋಗಲು ಒಪ್ಪಿಗೆ ಬೇಕು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದ ಮೇಲೆ ಬೆರಳಿಟ್ಟರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಪಹಣಿ ತೆಗೆದು ಖರಾಬಿನ ಕಲಂ ನೋಡಿ. 'ಎ' ಖರಾಬು ಎಂದರೆ ಸಾಗುವಳಿಗೆ ಒದಗದ ನೆಲ, 'ಬಿ' ಖರಾಬು ಎಂದರೆ ದಾರಿ, ಹಳ್ಳದಂತೆ ಸಾರ್ವಜನಿಕರಿಗೆಂದು ಬಿಟ್ಟದ್ದು. ನಿಮಗೆ ಬೇಕಾದದ್ದು 'ಬಿ'. ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳ ಗೆರೆ ಹೊಳೆಯವರೆಗೂ ಹೋಗಿದೆಯೇ ಎಂದೂ ನೋಡಿ. ಆ್ಯಪ್ ತೋರಿಸುವ ಗಡಿ ಕೆಲವು ಮೀಟರ್ ಆಚೀಚೆ ಇರುವುದುಂಟು, ಅದನ್ನೇ ಹಿಡಿದು ಬೇಲಿಯವರ ಜೊತೆ ವಾದಕ್ಕೆ ಇಳಿಯಬೇಡಿ. ದಂಡೆಯ ಮೊದಲ ಮನೆಯಲ್ಲಿ ವಯಸ್ಸಾದವರನ್ನು "ಇಲ್ಲಿ ಮುಂಚೆ ದೋಣಿ ಕಡವು ಇತ್ತಾ?" ಎಂದು ಕೇಳಿದರೆ ಐದು ನಿಮಿಷದಲ್ಲಿ ಪಹಣಿಗಿಂತ ಹೆಚ್ಚು ತಿಳಿಯುತ್ತದೆ, ಗಾಡಿ ನಿಲ್ಲಿಸಲು ಅಂಗಳವೂ ಸಿಕ್ಕೀತು. ಬಲೆ ಒಣಗಿಸುವ, ದೋಣಿ ಎಳೆದಿಡುವ ಜಾಗಕ್ಕೆ ಮಾತ್ರ ಗಾಡಿ ಅಡ್ಡ ನಿಲ್ಲಿಸಬೇಡಿ.

ದೋಣಿ ತರುವ ಮೊದಲು ಬರಿಗೈಯಲ್ಲಿ ಒಮ್ಮೆ ಹೋಗಿ, ಅದೂ ಇಳಿತದ ಹೊತ್ತಿಗೆ. ಉಬ್ಬರದಲ್ಲಿ ಎಲ್ಲ ದಂಡೆಯೂ ಚಂದವೇ. ಐದಡಿಯ ಕೋಲಿನಿಂದ ನೀರಿನಂಚು ಚುಚ್ಚಿ ನೋಡಿ. ಗೇಣುದ್ದ ಇಳಿದು ನಿಂತರೆ ಸರಿ, ಮೊಣಕಾಲುದ್ದ ಇಳಿದರೆ ಆ ಜಾಗ ಬಿಡಿ. ಇಬ್ಬರು ಕೂತಾಗ ನಿಮ್ಮ ದೋಣಿ ಸುಮಾರು ಗೇಣಿನಷ್ಟು ಮುಳುಗುತ್ತದೆ, ಎಂಜಿನ್ ಇಳಿಬಿಟ್ಟರೆ ಎರಡಡಿ ನೀರಾದರೂ ಬೇಕು. ಮರಳು ತೆಗೆದ ಹೊಳೆಗಳಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಆದ್ದರಿಂದ ಒಂದೇ ಕಡೆ ಚುಚ್ಚಿ ಬರಬೇಡಿ. ತಿರುವಿನಲ್ಲಾದರೆ ಒಳಮಗ್ಗುಲು ನೋಡಿ. ಮರಳು ಕೂರುವುದು ಅಲ್ಲಿ. ಹೊರಮಗ್ಗುಲಲ್ಲಿ ಸೆಳೆತ ದಂಡೆಯನ್ನು ಕೊರೆದು ಗೋಡೆಯಂತೆ ನಿಲ್ಲಿಸಿರುತ್ತದೆ.

ಪಿಕಪ್‌ನ ಚಕ್ರವನ್ನು ಉಬ್ಬರದ ಒದ್ದೆ ಗೆರೆ ದಾಟಿಸಬೇಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಕುಡಿದ ಮರಳು, ಹಿಂದಿನ ಚಕ್ರ ಹೂತರೆ ಉಬ್ಬರ ಬರುವುದರೊಳಗೆ ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ. ಅಲ್ಲಿಂದ ಕೆಳಗೆ ದೋಣಿಯನ್ನು ಉರುಳಿಸಿ. ನಾಲ್ಕಿಂಚಿನ ದಪ್ಪ ಪಿವಿಸಿ ಪೈಪನ್ನು ನಾಲ್ಕಡಿಯ ಮೂರು ತುಂಡು ಮಾಡಿ ಅಡಿಗೆ ಹಾಕಿ. ಹಿಂದೆ ಬಿಟ್ಟ ಪೈಪನ್ನು ಒಬ್ಬರು ಮುಂದೆ ತಂದಿಡುತ್ತ ಹೋದರೆ ಇಬ್ಬರಿಗೆ ಸಾಕು. ಮೆತ್ತನೆಯ ನೆಲದಲ್ಲಿ ಪೈಪ್ ಹೂತುಹೋಗುತ್ತದೆ, ಅಲ್ಲಿ ಹಸಿ ತೆಂಗಿನ ಮಡಲನ್ನು ಅಡ್ಡಡ್ಡ ಹಾಸಿ ಎಳೆಯುವುದೇ ಸುಲಭ.

ಪ್ರಶ್ನೆ: ಅಘನಾಶಿನಿ ಅಳಿವೆಯ (ಹೊಳೆ ಕಡಲು ಸೇರುವ ಬಾಯಿ) ಒಳಗೆ, ಹುಣ್ಣಿಮೆಯ ಮರುದಿನ ನಡುಹಗಲಿಗೆ ಕಯಾಕ್ ಇಳಿಸಿದೆವು. ಸಂಜೆ ಐದಕ್ಕೆ ಮರಳಿದರೆ ಇಳಿಸಿದ ಜಾಗಕ್ಕೂ ನೀರಿಗೂ ನಡುವೆ ಎಪ್ಪತ್ತು ಮೀಟರ್ ಕೆಸರು! ಇದನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ?
ಕುಮಟಾದ ಓದುಗರು

ಉತ್ತರ: ಇಳಿಸುವ ಹೊತ್ತಿಗಿಂತ ಎತ್ತುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಎರಡರ ನೀರಿನ ಮಟ್ಟದ ಅಂತರ ಹೆಚ್ಚು, ಅಷ್ಟಮಿ ನವಮಿಗೆ ಕಡಿಮೆ. ನೀವು ಹೋದದ್ದು ಅಂತರ ದೊಡ್ಡದಿರುವ ದಿನ.

ಆ ದಿನದ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಆರು ಗಂಟೆಯ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲಿನಂತೆ ನೀರು ಇಳಿಯುತ್ತದೆ. ಅಂದರೆ ಮೊದಲ ಗಂಟೆಯಲ್ಲಿ 12 ಸೆಂಟಿಮೀಟರ್ ಚಿಲ್ಲರೆ, ಏನೂ ಆಗಿಲ್ಲವೆನಿಸುತ್ತದೆ. ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಒಟ್ಟು 75 ಸೆಂಟಿಮೀಟರ್ ಇಳಿದುಬಿಡುತ್ತದೆ. ದಂಡೆಯ ಇಳಿಜಾರು ಹತ್ತಕ್ಕೆ ಒಂದಿದ್ದರೆ ಈ ಒಂದೂವರೆ ಮೀಟರಿಗೆ ನೀರಿನಂಚು 15 ಮೀಟರ್ ಹಿಂದೆ ಸರಿಯುತ್ತದೆ. ಕೆಸರುಬಯಲು ಐವತ್ತಕ್ಕೆ ಒಂದರಂತೆ ಇದ್ದರೆ 75 ಮೀಟರ್. ನಿಮ್ಮ ಎಪ್ಪತ್ತು ಮೀಟರ್ ಬಂದದ್ದು ಹೀಗೆ.

ಹಾಗಾಗಿ ಕೆಸರುದಂಡೆಯಿಂದಲೇ ಹೋಗಬೇಕಿದ್ದರೆ ಅಷ್ಟಮಿಯ ಆಸುಪಾಸಿನ ದಿನ ಆರಿಸಿ. ಹುಣ್ಣಿಮೆ ದಿನಗಳಲ್ಲಾದರೆ ಉಬ್ಬರ ತುಂಬುವ ಎರಡು ಗಂಟೆ ಮೊದಲು ಇಳಿಸಿ, ಏರುವ ನೀರಿನ ಜೊತೆ ಮೇಲ್ದಿಕ್ಕಿಗೆ ಹೋಗಿ, ತುಂಬಿದ ಮೇಲೆ ಒಂದೂವರೆ ಗಂಟೆಯೊಳಗೆ ಮರಳಿಬಿಡಿ. ಹೋಗುವಾಗ, ಬರುವಾಗ ಎರಡೂ ಸಲ ನೀರೇ ಒಯ್ಯುತ್ತದೆ. ಉಬ್ಬರ ಇಳಿತದ ವೇಳಾಪಟ್ಟಿಯಲ್ಲಿ ಕಾರವಾರ, ಮಂಗಳೂರು ಬಂದರುಗಳ ಹೊತ್ತು ಸಿಗುತ್ತದೆ. ಹೊಳೆಯಲ್ಲಿ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ, ನಿಮ್ಮ ಜಾಗಕ್ಕೆ ಎಷ್ಟು ತಡ ಎಂಬುದನ್ನು ಒಂದು ದಿನ ಗೂಟ ನೆಟ್ಟು ನೋಡಿಯೇ ಬರೆದುಕೊಳ್ಳಬೇಕು. ಒಂದೇ ದಿನದ ಎರಡು ಉಬ್ಬರಗಳ ಎತ್ತರವೂ ಒಂದೇ ಇರುವುದಿಲ್ಲ.

ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸುತ್ತದೆ. ಇಳಿಯುವ ನೀರು ಪಡುವಣಕ್ಕೆ, ಗಾಳಿ ಪಡುವಣದಿಂದ. ಎರಡೂ ಎದುರಾದಾಗ ಹೊಳೆಯಲ್ಲೇ ಮೊಂಡು ಅಲೆ ಏಳುತ್ತದೆ, ಅಳಿವೆಯ ಬಾಯಲ್ಲಿ ಅದು ಮುರಿಯುವ ಅಲೆಯಾಗುತ್ತದೆ. ಇಳಿತದ ಹೊತ್ತಲ್ಲಿ ಅಳಿವೆಯ ಕಡೆ ಸಣ್ಣ ದೋಣಿ ಬೇಡವೇ ಬೇಡ.

ಮತ್ತೆ ಹಾಗೆಯೇ ಸಿಕ್ಕಿಕೊಂಡರೆ ಕೆಸರಿಗೆ ಇಳಿಯಬೇಡಿ. ಅಘನಾಶಿನಿಯ ತಳದಲ್ಲಿ ಬಳಚಿನ ಚಿಪ್ಪು ಹೇರಳ, ಬರಿಗಾಲನ್ನೂ ಗಾಳಿ ತುಂಬುವ ಕಯಾಕನ್ನೂ ಬ್ಲೇಡಿನಂತೆ ಸೀಳುತ್ತವೆ. ಲಂಗರು ಹಾಕಿ ದೋಣಿಯಲ್ಲೇ ಕೂತಿರಿ. ಇಳಿತ ಮುಗಿದು ಮೂರು ಗಂಟೆಗೆ ಅರ್ಧ ನೀರು ಮರಳುತ್ತದೆ. ಅದಕ್ಕೇ ಟಾರ್ಚು, ಕುಡಿಯುವ ನೀರು ಯಾವಾಗಲೂ ಜೊತೆಗಿರಲಿ. ಈ ಅಳಿವೆಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ; ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದು ದಾರಿ ಮಾಡುವ ಯೋಚನೆ ಯಾರಿಗಿದ್ದರೂ ಬಿಟ್ಟುಬಿಡಿ.

ಪ್ರಶ್ನೆ: ಗಾಳಿ ತುಂಬುವ ಕಯಾಕ್ ಇದೆ. ಶ್ರೀರಂಗಪಟ್ಟಣದಿಂದ ಕೆಳಗೆ ಕಾವೇರಿಯಲ್ಲಿ ಎಲ್ಲಿ ಇಳಿಸಬಹುದು? ಸ್ನಾನಘಟ್ಟದ ಮೆಟ್ಟಿಲು ಆದೀತೆ?
ಮೈಸೂರಿನ ಓದುಗರು

ಉತ್ತರ: ಎಲ್ಲಿ ಬಾರದು ಎಂಬುದರಿಂದ ಶುರುಮಾಡೋಣ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಅಲ್ಲಿ ಅರಣ್ಯ ಇಲಾಖೆಯ ದೋಣಿಗಳಷ್ಟೇ. ಮೊಸಳೆಗಳೂ ಅಲ್ಲಿವೆ, ಪಕ್ಷಿಧಾಮದ ಗಡಿ ಎಲ್ಲಿ ಮುಗಿಯುತ್ತದೆಂದು ಅವಕ್ಕೆ ಗೊತ್ತಿಲ್ಲ. ಕೆಳಗೆ ಕಾವೇರಿ ವನ್ಯಜೀವಿಧಾಮದ ಭಾಗಕ್ಕೂ ಕಬಿನಿ ಹಿನ್ನೀರಿನ ಕಾಡಿನ ಭಾಗಕ್ಕೂ ಇದೇ ಮಾತು. ಜಲಾಶಯಗಳಿಗೆ ನೀರಾವರಿ ನಿಗಮದ ಒಪ್ಪಿಗೆ ಬೇಕು.

ಉಳಿದ ನದಿಯನ್ನು ಒಂದೇ ಉದ್ದದ ಹಾದಿ ಎಂದು ನೋಡಬೇಡಿ. ತಲಕಾಡಿನ ಮಾಧವಮಂತ್ರಿ ಕಟ್ಟೆಯಂಥ ಹಳೆಯ ಅಣೆಕಟ್ಟೆಗಳು ಅದನ್ನು ತುಂಡು ತುಂಡು ಮಾಡಿವೆ. ಮೇಲಿನಿಂದ ಬರುವವರಿಗೆ ಕಟ್ಟೆ ಕಾಣುವುದೇ ಇಲ್ಲ, ನೀರು ಒಂದು ಗೆರೆಯಂತೆ ಕೊನೆಗೊಂಡ ಹಾಗಿರುತ್ತದೆ. ಎರಡು ಕಟ್ಟೆಗಳ ನಡುವಿನ ಒಂದು ತುಂಡನ್ನು ಆರಿಸಿ, ಇಳಿಸಿದಲ್ಲೇ ಎತ್ತಿ. ಮೊದಲು ಹೊಳೆಯ ಎದುರು ಹುಟ್ಟು ಹಾಕಿ, ದಣಿದ ಮೇಲೆ ಸೆಳವು ವಾಪಸು ತರುತ್ತದೆ. ತಲಕಾಡಿನ ಸುತ್ತ ಮಡುಗಳ ಬಗ್ಗೆ ಹೇಳಬೇಕಿಲ್ಲ, 'ಮಾಲಂಗಿ ಮಡುವಾಗಿ' ಎಂಬ ಶಾಪದ ಮಾತು ಎಲ್ಲರಿಗೂ ಗೊತ್ತು.

ಹರಿಗೋಲು ಹಾಕುವ ಕಡೆ ಕೇಳಿ ಇಳಿಸುವುದು ಒಳ್ಳೆಯ ದಾರಿ. ಆದರೆ ಹರಿಗೋಲಿನ ತಳ ಚಪ್ಪಟೆ, ಕೆಲವೇ ಅಂಗುಲ ನೀರಿನಲ್ಲಿ ಬಂಡೆಯ ಮೇಲೆ ಜಾರಿಹೋಗುತ್ತದೆ. ನಿಮ್ಮ ಕಯಾಕಿನ ಹಿಂದಿನ ರೆಕ್ಕೆ ಅಲ್ಲೇ ತಗಲಿಕೊಳ್ಳುತ್ತದೆ, ಬಿಚ್ಚುವಂತಿದ್ದರೆ ಬಿಚ್ಚಿಡಿ. ಸೆಳವು ಅಳೆಯಲು ದಂಡೆಯ ಮೇಲೆ ಹತ್ತು ಮೀಟರ್ ಗುರುತು ಮಾಡಿ, ತೆಂಗಿನ ಸಿಪ್ಪೆಯೊಂದನ್ನು ನೀರಿಗೆ ಎಸೆಯಿರಿ. ಹನ್ನೆರಡು ಸೆಕೆಂಡಿಗಿಂತ ಬೇಗ ದಾಟಿದರೆ ಸೆಳವು ಗಂಟೆಗೆ ಮೂರು ಕಿಲೋಮೀಟರ್ ಮೀರಿದೆ, ಹೊಸಬರು ಅದರ ಎದುರು ಹೆಚ್ಚು ಹೊತ್ತು ಹುಟ್ಟು ಹಾಕಲಾರರು.

ಕೆಆರ್‌ಎಸ್ 124.80 ಅಡಿಯ ಹತ್ತಿರ ತುಂಬಿರುವ ತಿಂಗಳುಗಳಲ್ಲಿ ಹೋಗಲೇಬೇಡಿ. ಕೊಡಗಿನಲ್ಲಿ ಮಳೆಯಾದರೆ ಮೈಸೂರಿನಲ್ಲಿ ಬಿಸಿಲಿದ್ದರೂ ಗೇಟು ಎತ್ತುತ್ತಾರೆ. ಬೇಸಿಗೆಯಲ್ಲೂ ಬಂಡೆಗಳನ್ನು ನೋಡಿ: ಮಳೆಯಿಲ್ಲದ ದಿನ, ಈಗಿನ ನೀರಿಗಿಂತ ಅಡಿಯಷ್ಟು ಮೇಲೆ ಇನ್ನೂ ಆರದ ಒದ್ದೆ ಗೆರೆ ಇದ್ದರೆ ಅಲ್ಲಿ ನೀರು ದಿನವೂ ಏರಿಳಿಯುತ್ತಿದೆ ಎಂದರ್ಥ. ಕದ್ರಾ ಕೆಳಗಿನ ಕಾಳಿ, ಗೇರುಸೊಪ್ಪೆ ಕೆಳಗಿನ ಶರಾವತಿಯಲ್ಲಿ ಇದು ವಿದ್ಯುತ್ ಉತ್ಪಾದನೆಯ ಹೊತ್ತಿನ ಮೇಲೆ ನಡೆಯುತ್ತದೆ. ಲೈಫ್ ಜಾಕೆಟ್ಟಿನ ಗುಂಡಿ ದಡದಲ್ಲೇ ಹಾಕಿಕೊಳ್ಳಿ, ದೋಣಿಯೊಳಗೆ ಮಡಿಚಿಟ್ಟದ್ದು ಪ್ರಯೋಜನಕ್ಕಿಲ್ಲ.

ಮೆಟ್ಟಿಲು ಆಗುತ್ತದೆ, ಆದರೆ ನೀರಡಿಯ ಮೆಟ್ಟಿಲುಗಳಲ್ಲಿ ಪಾಚಿ, ಕೊನೆಯದರ ಆಚೆ ಏಕಾಏಕಿ ಆಳ. ದೋಣಿಯನ್ನು ಮೆಟ್ಟಿಲಿಗೆ ಸಮಾನಾಂತರವಾಗಿ ಇಟ್ಟು ಕೂತುಕೊಂಡೇ ಹತ್ತಿ. ಹಬ್ಬ, ಅಮಾವಾಸ್ಯೆಗಳಂದು ಸ್ನಾನದವರ ನಡುವೆ ಕಯಾಕ್ ಒಯ್ಯುವುದು ಮರ್ಯಾದೆಯಲ್ಲ.

ಪ್ರಶ್ನೆ: ನಮ್ಮೂರಿನ ಕಿಂಡಿ ಅಣೆಕಟ್ಟಿನ ಬಳಿ ನೀರಿಗೆ ಒಳ್ಳೆಯ ಕಾಂಕ್ರೀಟ್ ಇಳಿಜಾರು ಇದೆ. ಅಲ್ಲಿಂದಲೇ ಇಳಿಸಬಹುದಲ್ಲ?
ಬಂಟ್ವಾಳದ ಓದುಗರು

ಉತ್ತರ: ಬೇಡ. ಕಿಂಡಿಗಳಿಗೆ ಹಲಗೆ ಹಾಕಿ ನೀರು ತಡೆದ ಮೇಲೆ, ಸಾಮಾನ್ಯವಾಗಿ ನವೆಂಬರ್, ಡಿಸೆಂಬರಿನ ನಂತರ, ಮೇಲ್ಭಾಗದಲ್ಲಿ ಕೆರೆಯಂತೆ ನಿಂತ ಸಿಹಿನೀರು ಕಯಾಕಿಗೆ ಹೇಳಿಮಾಡಿಸಿದಂತಿರುತ್ತದೆ, ಒಪ್ಪಿದೆ. ಅಪಾಯ ಕಟ್ಟೆಯ ಎರಡೂ ಮಗ್ಗುಲಲ್ಲಿದೆ. ಕೆಳಗೆ ಧುಮುಕಿದ ನೀರು ಅಡಿಯಲ್ಲಿ ಮುಂದೆ ಹೋಗಿ ಮೇಲೆ ಕಟ್ಟೆಯ ಕಡೆಗೇ ಮರಳಿ ಉರುಳುತ್ತದೆ. ಅದರಲ್ಲಿ ಸಿಕ್ಕಿದ ದೋಣಿಯನ್ನು, ಆಳನ್ನು, ಮರದ ದಿಮ್ಮಿಯನ್ನು ಬಿಡದೆ ಸುತ್ತಿಸುತ್ತದೆ, ಲೈಫ್ ಜಾಕೆಟ್ ಇದ್ದರೂ. ಮೇಲ್ಭಾಗದಲ್ಲಿ ಒಂದು ಕಿಂಡಿಯ ಹಲಗೆ ತೆಗೆದಿದ್ದರೂ ಅಥವಾ ಮುರಿದಿದ್ದರೂ ನೀರು ಅಡಿಯಿಂದ ಎಳೆಯುತ್ತದೆ, ಮೇಲ್ಮೈ ಶಾಂತವಾಗಿಯೇ ಕಾಣುತ್ತದೆ. ಇನ್ನೂರು ಮೀಟರಾದರೂ ಮೇಲಕ್ಕೆ ಹೋಗಿ ಜಾಗ ಹುಡುಕಿ. ತುಂಬೆಯ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಕೊಡುವಂಥದ್ದು, ಅದರ ಹತ್ತಿರಕ್ಕೂ ಹೋಗಬೇಡಿ.

ಪ್ರಶ್ನೆ: ಸಣ್ಣ ದೋಣಿಗೂ ನೋಂದಣಿ ಬೇಕೆ? ನಮ್ಮ ಹೊಳೆ ರಾಷ್ಟ್ರೀಯ ಜಲಮಾರ್ಗವಂತೆ, ಹಾಗಾದರೆ ದೋಣಿ ಇಳಿಸುವ ಸರ್ಕಾರಿ ಜಾಗ ಇರಬೇಕಲ್ಲ?
ಕುಂದಾಪುರದ ಓದುಗರು

ಉತ್ತರ: ಎಂಜಿನ್ ಇದ್ದರೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ತಪಾಸಣೆ, ನೋಂದಣಿ ಎರಡೂ ಬರುತ್ತವೆ. ಕಳಚಿ ಇಡುವ ಔಟ್‌ಬೋರ್ಡ್ ಆದರೂ ಅದು ಎಂಜಿನ್ನೇ. ಹುಟ್ಟು ಹಾಕುವ ದೋಣಿಯ ವಿವರ ಸ್ಥಳೀಯ ಸಂಸ್ಥೆಯಲ್ಲಿ ದಾಖಲಾಗಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಈಗ ಏನು ಕ್ರಮ ಎಂದು ಹತ್ತಿರದ ಬಂದರು ಕಚೇರಿಯಲ್ಲಿ ಕೇಳಿ. ಕಾಸು ಪಡೆದು ಜನರನ್ನು ಕೂರಿಸುವುದಾದರೆ ಅದರ ನಿಯಮಗಳೇ ಬೇರೆ.

ಪಂಚಗಂಗಾವಳಿ, ಶರಾವತಿ, ಕಾಳಿ, ನೇತ್ರಾವತಿ, ಗುರುಪುರ ನದಿಗಳು 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿವೆ, ನಿಜ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ದಂಡೆಯಲ್ಲಿ ಇಳಿಜಾರು ಇರುತ್ತದೆಂದಿಲ್ಲ. ಮೀನುಗಾರಿಕೆ ದಕ್ಕೆಯ ಇಳಿಜಾರು ಬಳಸಬೇಕೆಂದಿದ್ದರೆ ಬೆಳಗ್ಗೆ ಮೀನು ಇಳಿಸುವ ಗಡಿಬಿಡಿ ಮುಗಿದ ಮೇಲೆ ಹೋಗಿ, ಅಲ್ಲಿನವರನ್ನು ಕೇಳಿ, ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡಿ. ಹಗ್ಗ, ಹುಟ್ಟು, ಪೆಟ್ಟಿಗೆಗಳನ್ನೆಲ್ಲ ಮೇಲೆಯೇ ದೋಣಿಗೆ ಕಟ್ಟಿಕೊಂಡು ಕೆಳಗಿಳಿದರೆ ಹತ್ತು ನಿಮಿಷ ಸಾಕು.