ದಾಳಿಂಬೆ ಚಿಗುರು ಹಳದಿ: ಅನ್ನಭೇದಿ ಯಾಕೆ ಕೆಲಸ ಮಾಡಲಿಲ್ಲ?

ಕುಷ್ಟಗಿ ಅಣ್ಣಾರ, ನಿಮ್ಮ ದಾಳಿಂಬೆ ಫೋಟೊ ನೋಡಿದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಹಳೆ ಎಲೆಗೆ ಏನೂ ಆಗಿಲ್ಲ. ಇದು ಕಬ್ಬಿಣದ ಕೊರತೆ. ಬುಡಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್ ಅನ್ನುವ ಹಸಿರು ಹರಳು) ಹಾಕಿದರೂ ಗುಣ ಕಾಣಲಿಲ್ಲ, ಅಂಗಡಿಯವರು ಚೀಲೇಟ್ (ಬೇರೊಂದು ಅಣು ಹಿಡಿದಿಟ್ಟ ಕಬ್ಬಿಣ) ತಗೊಳ್ಳಿ ಅಂತಾರೆ, ಸುಮ್ನೆ ದುಡ್ಡು ಕೀಳೋಕಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಆದರೆ ಯಾವ ಚೀಲೇಟ್ ಅಂತ ನೋಡದೆ ತಂದರೆ ದುಡ್ಡು ಹೋಗೋದೂ ನಿಜ.

ನಿಮ್ಮ ಮಸಾರಿ ಮಣ್ಣಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆ ಕೆಂಪು ಬಣ್ಣವೇ ಕಬ್ಬಿಣದ್ದು. ಅದು ಯಾವ ಸ್ಥಿತಿಯಲ್ಲಿದೆ ಅನ್ನೋದೇ ಪ್ರಶ್ನೆ. ಅನ್ನಭೇದಿಯ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು, ಅಂದರೆ +2. ನೀರಲ್ಲಿ ಸಲೀಸಾಗಿ ಕರಗುತ್ತದೆ. ಸುಣ್ಣ ಜಾಸ್ತಿ ಇದ್ದು ರಸಸಾರ (pH) 8 ದಾಟಿದ ಮಣ್ಣಿಗೆ ಬಿದ್ದರೆ, ಗಾಳಿಯ ಆಕ್ಸಿಜನ್ ಇನ್ನೊಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. +3 ಆದ ಕಬ್ಬಿಣ ತುಕ್ಕಿನ ಪುಡಿಯಾಗಿ ಕೂತುಬಿಡುತ್ತದೆ, ಬೇರಿಗೆ ಸಿಗಲ್ಲ. ಹಳೆ ಚೀಲದಲ್ಲಿ ಹಸಿರು ಹರಳು ಕಂದು ತಿರುಗಿರುತ್ತದಲ್ವಾ, ಅದೂ ಇದೇ. ನಿಮ್ಮ ಮಣ್ಣಲ್ಲಿ ಸುಣ್ಣ ಇದೆಯಾ ನೋಡಬೇಕಾದರೆ ಒಣಮಣ್ಣಿಗೆ ಎರಡು ಹನಿ ಟಾಯ್ಲೆಟ್ ಆಸಿಡ್ ಹಾಕಿ. ಬುಸುಗುಟ್ಟಿ ನೊರೆ ಬಂದರೆ ಇದೆ.

ಚೀಲೇಟ್‌ನಲ್ಲೂ ಕಬ್ಬಿಣ +3 ಸ್ಥಿತಿಯಲ್ಲೇ ಇರುತ್ತದೆ. ಆದರೆ ಲಿಗ್ಯಾಂಡ್ ಅನ್ನುವ ಅಣು ಅದನ್ನು ಸುತ್ತ ಹಿಡಿದಿರುತ್ತದೆ. ಇಡಿಟಿಎ ಅನ್ನುವ ಲಿಗ್ಯಾಂಡ್ ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್, ಹೀಗೆ ಆರು ಕಡೆ ಹಿಡಿಯುತ್ತದೆ. ಹಿಡಿತ ಗಟ್ಟಿಯೇ, ಆದರೆ ರಸಸಾರ 6.5 ದಾಟಿದರೆ ನೆಚ್ಚಬೇಡಿ. ಮಣ್ಣಿನ ಕ್ಯಾಲ್ಸಿಯಂ ಬಂದು ಕಬ್ಬಿಣದ ಜಾಗ ಹಿಡಿಯುತ್ತದೆ. ಹಾಗಾಗಿ ಕಬ್ಬಿಣ 12% ಅಂತ ಬರೆದ ಇಡಿಟಿಎ ಎಲೆಗೆ ಸಿಂಪಡಿಸಲು ಸರಿ, ನಮ್ಮ ಭೂಮಿಗೆ ಅಲ್ಲ. ಭೂಮಿಗಾದರೆ ಇಡಿಡಿಎಚ್‌ಎ ಅನ್ನುವ ಇನ್ನೊಂದು ಲಿಗ್ಯಾಂಡ್‌ನ ಚೀಲೇಟ್ ಕೇಳಿ. ಕಪ್ಪುಗೆಂಪು ಪುಡಿ, ಕಬ್ಬಿಣ 6% ಅಷ್ಟೇ, ಬೆಲೆಯೂ ಜಾಸ್ತಿ. ಆದರೆ ರಸಸಾರ 9ರ ಹತ್ತಿರವೂ ಬಿಡಲ್ಲ. ಲೇಬಲ್ ಮೇಲೆ ಆರ್ಥೋ-ಆರ್ಥೋ ಎಷ್ಟು ಅಂತ ನೋಡಿ, ಗಟ್ಟಿ ಹಿಡಿಯುವ ಭಾಗ ಅದೇ.

ದುಡ್ಡು ಉಳಿಸಬೇಕಾ? ಅನ್ನಭೇದಿಯನ್ನೇ ಸಿಂಪಡಿಸಿ. 100 ಲೀಟರ್ ನೀರಿಗೆ ಮೊದಲು 100 ಗ್ರಾಂ ಸಿಟ್ರಿಕ್ ಆಸಿಡ್, ಆಮೇಲೆ 500 ಗ್ರಾಂ ಹಸಿರು ಹರಳು. ಈ ಕ್ರಮ ಮುಖ್ಯ. ಬೋರ್ ನೀರಿನ ಕ್ಷಾರ ಇಳಿಯುತ್ತದೆ, ಸಿಟ್ರೇಟ್ ತಾನೇ ಲಿಗ್ಯಾಂಡ್ ಆಗಿ ಕಬ್ಬಿಣ ಹಿಡಿಯುತ್ತದೆ. ದ್ರಾವಣ ಕಂದಾದರೆ ಚೆಲ್ಲಿಬಿಡಿ. ಸಂಜೆ ಹೊಡೆಯಿರಿ, ಮೊದಲು ನಾಲ್ಕೈದು ಗಿಡಕ್ಕೆ ಮಾತ್ರ. ಬೋರ್ಡೋ (ಮೈಲುತುತ್ತ-ಸುಣ್ಣದ ರೋಗನಾಶಕ) ಜೊತೆ ಬೆರೆಸಲೇಬೇಡಿ, ಅದರ ಸುಣ್ಣಕ್ಕೆ ಕಬ್ಬಿಣ ತಳ ಸೇರುತ್ತದೆ. ಕಾಯಿ ಇದ್ದಾಗಲೂ ಬೇಡ. ದಾಳಿಂಬೆ ಸಿಪ್ಪೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ, ಆ ಕಲೆಗೆ ವ್ಯಾಪಾರಿ ರೇಟು ಇಳಿಸುತ್ತಾನೆ.

ಸಿಂಧನೂರಿನ ತಮ್ಮ ಕೇಳಿದ ಕೂರಿಗೆ ಭತ್ತದ (ಒಣಭೂಮಿಗೆ ಕೂರಿಗೆಯಲ್ಲಿ ಬಿತ್ತಿದ ಭತ್ತ) ಹಳದಿಯೂ ಇದೇ ಇರಬೇಕು. ನೀರು ನಿಂತ ಗದ್ದೆಯಲ್ಲಿ ಗಾಳಿ ಇರಲ್ಲ, ಸೂಕ್ಷ್ಮಜೀವಿಗಳು +3 ಅನ್ನು +2 ಮಾಡಿಕೊಡುತ್ತವೆ. ಒಣ ಬಿತ್ತನೆಗೆ ಆ ಅನುಕೂಲ ಇಲ್ಲ. ಕಾಲುವೆ ನೀರು ಬಿಟ್ಟು ಗದ್ದೆಯಲ್ಲಿ ನಿಲ್ಲುವಂತೆ ಮಾಡಿದ ಮೇಲೂ ಹಸಿರಾಗದಿದ್ದರೆ ಎಲೆಯ ಫೋಟೊ ಹಾಕು, ಸತುವಿನ ಕೊರತೆಯಾ ನೋಡೋಣ.