ಮಗಳಿಗೆ ಎಳೇ ಕುದುರೆ ಬೇಡ

ಪ್ರಶ್ನೆ: ನಮ್ಮದು ಭಾಲ್ಕಿ ಹತ್ತಿರದ ಹಳ್ಳಿ. 11 ವರ್ಷದ ಮಗಳಿಗೆ ಕುದುರೆ ಸವಾರಿ ಕಲಿಯಬೇಕೆಂಬ ಹಟ. ಪರಿಚಯದವರೊಬ್ಬರು ಎರಡು ವರ್ಷದ ಬಿಳಿ ತಟ್ಟು ತೋರಿಸಿದ್ದಾರೆ. ರೇಟು ಕಡಿಮೆ, ಮೈಮೇಲಿನ ಕೂದಲ ಸುಳಿಗಳೂ ಚೆನ್ನಾಗಿವೆಯಂತೆ. ಮಗಳು, ಕುದುರೆ ಕೂಡಿ ಬೆಳೆಯಲಿ ಅಂತಾರೆ. ಕೊಳ್ಳಬಹುದೇ?

ಉತ್ತರ: ಬೇಡ. ಕೂಡಿ ಬೆಳೆಯಲಿ ಅನ್ನೋದು ಕೇಳೋಕೆ ಚೆಂದ, ಆದರೆ ಇಬ್ಬರಿಗೂ ಏನೂ ಗೊತ್ತಿಲ್ಲದಿದ್ದರೆ ಕಲಿಸುವವರು ಯಾರು? ಹೊಸ ಎತ್ತು ಹೂಡುವಾಗ ಪಕ್ಕಕ್ಕೆ ಪಳಗಿದ್ದನ್ನು ಕಟ್ಟುತ್ತೀರಿ ಅಲ್ವಾ, ಇಲ್ಲೂ ಹಾಗೇ. ಎಂಟರಿಂದ ಹದಿನೈದು ವರ್ಷದ, ಮಕ್ಕಳನ್ನು ಹೊತ್ತು ರೂಢಿಯಿರುವ ಹೆಣ್ಣು ಕುದುರೆಯನ್ನೋ ಬೀಜ ಒಡೆಸಿದ ಗಂಡನ್ನೋ ಹುಡುಕಿ. ಹದಿನೈದು ಅಂದರೆ ಮುದಿ ಅಲ್ಲ, ಚೆನ್ನಾಗಿ ಸಾಕಿದ ತಟ್ಟು 25 ದಾಟಿಯೂ ಬದುಕುತ್ತದೆ. ಎತ್ತರ 120–130 ಸೆಂ.ಮೀ. ಇದ್ದರೆ ಸಾಕು. ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ಕುದುರೆಗಳು ಇಂಥ ಗಿಡ್ಡ, ಗಟ್ಟಿ ಜಾತಿಯವೇ.

ಇನ್ನು ಆ ಬಿಳಿ ಬಣ್ಣ. ಎರಡು ವರ್ಷಕ್ಕೇ ಪೂರ್ತಿ ಬಿಳಿ ಅಂದರೆ ಮೂಗಿನ ತುದಿ ನೋಡಿ. ಚರ್ಮ ಗುಲಾಬಿ ಇದ್ದರೆ ಹುಟ್ಟಾ ಬಿಳಿ, ನುಕ್ರಾ ಅಂತಾರಲ್ಲ ಅದು. ಕಪ್ಪಗಿದ್ದರೆ ಬಹುಶಃ ವಯಸ್ಸೇ ಸುಳ್ಳು, ಯಾಕಂದ್ರೆ ಅಂಥವು ಗಾಢ ಬಣ್ಣದಲ್ಲಿ ಹುಟ್ಟಿ ವರ್ಷ ಕಳೆದಂತೆ ಬೆಳ್ಳಗಾಗುತ್ತವೆ. ಬಾಯಿ ಬಿಡಿಸಿದರೆ ಇನ್ನೂ ಸ್ಪಷ್ಟ: ಮುಂದಿನ ಹಾಲುಹಲ್ಲು ಎರಡೂವರೆ ವರ್ಷಕ್ಕೆ ಬೀಳೋಕೆ ಶುರುವಾಗಿ ಐದಕ್ಕೆ ಬಾಯಿ ತುಂಬ ಹೊಸ ಹಲ್ಲು ಬಂದಿರುತ್ತವೆ. ಸುಳಿ ನಿಮ್ಮ ನಂಬಿಕೆಗೆ ಬಿಟ್ಟಿದ್ದು. ನಾನಂತೂ ಗೊರಸು ನೋಡುತ್ತೇನೆ.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ನಾವು ಹೋಗುವಷ್ಟರಲ್ಲೇ ಜೀನು ಬಿಗಿದು ನಿಲ್ಲಿಸಿದ್ದರು, ಕುರಿ ಹಾಗೆ ನಿಂತಿತ್ತು. ಹೊಟ್ಟೆ ಕೆಳಗೆ ಬೆವರು ಒಣಗಿ ಉಪ್ಪಿನ ಗೆರೆ ಕಟ್ಟಿದ್ದು ಕಂಡರೂ ಬಿಸಿಲಿಗೆ ಇರಬೇಕು ಅಂದುಕೊಂಡೆ. ಬೆಳಗ್ಗೆಯಿಂದ ಓಡಿಸಿ ಸುಸ್ತು ಮಾಡಿದ್ದರು. ಮರುದಿನ ಲಗಾಮು ಹಾಕೋಕೆ ಹೋದರೆ ಕಿವಿ ಹಿಂದಕ್ಕೆ ಒತ್ತಿ ಕಚ್ಚೋಕೆ ಬಂತು.

ಅದಕ್ಕೇ ಹೇಳದೆ ಕೇಳದೆ ಮುಂಜಾನೆ ಹೋಗಿ. ಕಾಲೆತ್ತಿಸೋದು, ಜೀನು ಹಾಕೋದು ಎಲ್ಲ ನಿಮ್ಮ ಮುಂದೆಯೇ ಆಗಲಿ. ಮೊದಲು ಅವರ ಕಡೆಯವರು ಹತ್ತಲಿ, ಆಮೇಲೆ ಮಗಳು. ಡಾಂಬರು ರಸ್ತೆಯಲ್ಲಿ ಸಣ್ಣಗೆ ಓಡಿಸಿ. ಒಂದು ಮುಂಗಾಲು ಊರುವಾಗಲೆಲ್ಲ ತಲೆ ಮೇಲೆತ್ತಿದರೆ ಆ ಕಾಲಿಗೆ ನೋವಿದೆ.

ನಾಂದೇಡ್ ಜಿಲ್ಲೆಯ ಮಾಳೇಗಾಂವ್ ಖಂಡೋಬಾ ಜಾತ್ರೆಗೆ ಎಳ್ಳಮವಾಸ್ಯೆ ಹೊತ್ತಿಗೆ ಕುದುರೆಗಳು ಬರುತ್ತವೆ. ಹೋಗಿ, ಸುಮ್ನೆ ನೋಡಿ ಬನ್ನಿ. ಆ ಗದ್ದಲದಲ್ಲಿ ಕುದುರೆಯ ಗುಣ ತಿಳಿಯೋದಿಲ್ಲ. ಎಲ್ಲೇ ಕೊಂಡರೂ ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳಿ, ಅದು ಮನುಷ್ಯರಿಗೂ ಅಂಟುವ ರೋಗ, ಲಸಿಕೆ ಇಲ್ಲ. ದುಡ್ಡು ಕೊಡುವ ಮೊದಲು ಪಶುವೈದ್ಯರಿಗೆ ತೋರಿಸಿ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಿಮಗೆ ದೂರವಲ್ಲ.

ತಂದ ದಿನ ಪ್ರೀತಿಗೆ ಅಂತ ಬುಟ್ಟಿಗಟ್ಟಲೆ ಕಡಲೆ, ಜೋಳ ಸುರಿಯಬೇಡಿ. ಕುದುರೆಗೆ ವಾಂತಿ ಮಾಡೋಕೆ ಬರೋದಿಲ್ಲ, ಹೊಟ್ಟೆನೋವು ಬಂದರೆ ಜೀವಕ್ಕೇ ಕುತ್ತು. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ಚೀಲ ಕೇಳಿ ತನ್ನಿ, ವಾರ ಹತ್ತು ದಿನದಲ್ಲಿ ನಿಧಾನಕ್ಕೆ ನಿಮ್ಮ ಮೇವಿಗೆ ಬದಲಿಸಿ.